ಗಿರ್ಮಿಟ್ ಗಾಡಿಯ ಗಾಳಿತಡೆ, ಅದರ ಬೆಳ್ಳಿಗೆರೆ

ಹುಬ್ಬಳ್ಳಿಯ ಉಣಕಲ್ ಕೆರೆ ಕಡೆ ಸಂಜೆ ಗಿರ್ಮಿಟ್ ತಿಂದವರಿಗೆ ಆಷಾಢದ ಗಾಳಿ ಏನು ಅಂತ ಹೇಳಬೇಕಾಗಿಲ್ಲ. ಕೆರೆ ಮೇಲಿಂದ ಬೀಸಿತು ಅಂದರೆ ಚುರುಮುರಿ ಬೋಗುಣಿಯಲ್ಲಿ ನಿಲ್ಲುವುದಿಲ್ಲ. ಪುಟಾಣಿ ಹಿಟ್ಟು ಗಿರಾಕಿಯ ಕಣ್ಣಿಗೆ, ಹೆಚ್ಚಿದ ಕೊತ್ತಂಬರಿ ಪಕ್ಕದ ಗಾಡಿಗೆ. ನಮ್ಮ ಓಣಿಯ ಕಾಕಾ ಹೊಸ ಗಾಡಿ ಮಾಡಿಸಿದಾಗ ಕೇಳಿದ್ದು ಒಂದೇ. "ಮುಂದ ಒಂದು ಕನ್ನಡಿ ಹಚ್ಚಿಕೊಡ್ರಿ. ಗಾಳಿ ತಡೀಬೇಕು, ಒಳಗಿನ ಮಾಲು ಕಾಣಬೇಕು, ಗಾಡಿ ಜಗ್ಗಾಕ ಭಾರ ಆಗಬಾರದು."

ಗಾಜು ಭಾರ. ಹಂಪ್ ಹತ್ತಿದರೆ ಒಡೆಯುವ ಭಯ ಬೇರೆ. ಹಾಗಾಗಿ ಅಕ್ರಿಲಿಕ್, ಗಾಜಿನಂತೆ ಕಾಣುವ ಪ್ಲಾಸ್ಟಿಕ್ ಹಾಳೆ. ಗೋಪನಕೊಪ್ಪದಲ್ಲಿ ನಮ್ಮ ಮನೆ ಹಿಂದೆ ಒಂದು ಶೆಡ್ ಇದೆ. ಡ್ರಿಲ್, ಮಾಲನ್ನು ಬಿಗಿಹಿಡಿಯುವ ವೈಸ್, ಸಣ್ಣ ವೆಲ್ಡಿಂಗ್ ಮಷೀನು, ಇಷ್ಟೇ ಆಸ್ತಿ. ಹೊಟ್ಟೆಪಾಡಿಗೆ ಮಷೀನ್ ರಿಪೇರಿ. ಭಾನುವಾರ ಮಾತ್ರ ಇಂಥ ಕೆಲಸ.

ಮೇ ಕೊನೆ ವಾರ ಮಾಡಿ ಮುಗಿಸಿದೆ. ಗಾಡಿ ನಾಲ್ಕು ಅಡಿ ಅಗಲ. ಒಂದಿಂಚಿನ ಚೌಕ ಪೈಪಿನ ಚೌಕಟ್ಟು. ಎಂಟಡಿ ಹಾಳೆಯಿಂದ 450 ಮಿ.ಮೀ. ಎತ್ತರ, ಸುಮಾರು ಎರಡು ಮೀಟರ್ ಉದ್ದದ ಪಟ್ಟಿ ಕತ್ತರಿಸಿದೆ. ದಪ್ಪ 3 ಮಿ.ಮೀ. ಮುಂದೆ ಚಪ್ಪಟೆ, ಎರಡೂ ಮೂಲೆಯಲ್ಲಿ ದುಂಡಗೆ ತಿರುಗಿ ಪಕ್ಕಕ್ಕೆ ಹೋಗಬೇಕು. ಮೂಲೆಯ ದುಂಡಿಗೆ 250 ಮಿ.ಮೀ. ತ್ರಿಜ್ಯ ಇಟ್ಟೆ. ಬಿಸಿ ಮಾಡಲಿಲ್ಲ. ಇಬ್ಬರು ಹಿಡಿದು ಹಾಗೇ ಬಗ್ಗಿಸಿದೆವು, ಬಗ್ಗಿತು. ಬಗ್ಗಿದ ಮೇಲೆ ಇನ್ನೇನು ಚಿಂತೆ ಅಂದುಕೊಂಡು 4 ಮಿ.ಮೀ. ತೂತಿಗೆ 4 ಮಿ.ಮೀ. ಸ್ಕ್ರೂ ಹಾಕಿದೆ. ಅದೂ ತಲೆ ಹಾಳೆಯೊಳಗೆ ಮುಳುಗಿ ಕೂರುವ ಸ್ಕ್ರೂ, ನೋಡಲು ಚೆಂದ ಅಂತ. ಈ ಒಂದು ಪ್ಯಾರಾದಲ್ಲಿ ಎಷ್ಟು ತಪ್ಪಿವೆ ಅಂತ ನನಗೆ ಆಗ ಗೊತ್ತಿರಲಿಲ್ಲ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಒಂದು ಸಂಜೆ ಕಾಕಾ ಫೋನು. "ಏನ್ರಿ, ಕನ್ನಡ್ಯಾಗ ಕೂದಲಾ ಬಂದಾವಲ್ರೀ?"

ಹೋಗಿ ನೋಡಿದೆ. ಎದುರು ನಿಂತರೆ ಏನೂ ಇಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ಬೀದಿದೀಪದ ಬೆಳಕು ಓರೆಯಾಗಿ ಬೀಳುವ ಹಾಗೆ ನೋಡಿದರೆ ಮೂಲೆ ತುಂಬಾ ಬೆಳ್ಳಿ ಎಳೆಗಳು. ಸಣ್ಣವು, ನೆಟ್ಟಗೆ ನಿಂತವು, ಬಾಚಣಿಗೆ ಹಲ್ಲಿನಂತೆ ಒಂದರ ಪಕ್ಕ ಒಂದು. ತಲೆ ಅಲ್ಲಾಡಿಸಿದರೆ ಮಿಂಚಿ ಮಾಯ. ಉಗುರು ಎಳೆದು ನೋಡಿದೆ, ಎಲ್ಲೂ ತಡೆಯಲಿಲ್ಲ. ಗೀರು ಆಗಿದ್ದರೆ ಉಗುರಿಗೆ ಸಿಗಬೇಕಿತ್ತು, ಅಲ್ವಾ? ಸ್ಕ್ರೂಗಳ ಸುತ್ತ ಬೇರೆ ಚಿತ್ರ. ಅಲ್ಲಿ ಗೆರೆಗಳು ಸೂರ್ಯನ ಕಿರಣದ ಹಾಗೆ ತೂತಿನಿಂದ ಹೊರಗೆ ಹರಡಿದ್ದವು.

ನನ್ನ ಮೊದಲ ತೀರ್ಪು: ಹಾಳೆ ಕೊಟ್ಟವನು ಕಳಪೆ ಮಾಲು ಕೊಟ್ಟಿದ್ದಾನೆ. ಬೈಕಿನಲ್ಲಿ ಮನೆಗೆ ಬರುವಷ್ಟರಲ್ಲಿ ಅವನಿಗೆ ಏನೇನು ಹೇಳಬೇಕು ಅಂತ ಎಲ್ಲಾ ತಯಾರಾಗಿತ್ತು.

ತಡೆದದ್ದು ಒಂದು ಸಣ್ಣ ಸಂಗತಿ. ಚಪ್ಪಟೆ ಭಾಗದಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಅದೇ ಹಾಳೆ, ಅದೇ ಬಿಸಿಲು, ಅದೇ ಭಜಿ ಎಣ್ಣೆಯ ಹೊಗೆ. ಮಾಲು ಕೆಟ್ಟದ್ದಾಗಿದ್ದರೆ ಎಲ್ಲ ಕಡೆ ಕೆಡಬೇಕಿತ್ತು. ಮರುದಿನ ಹಗಲಲ್ಲಿ ಟಾರ್ಚ್ ಹಿಡಿದು ಮತ್ತೆ ನೋಡಿದೆ. ಮೂಲೆಯಲ್ಲೂ ಗೆರೆ ಇದ್ದದ್ದು ಹೊರಮೈಯಲ್ಲಿ ಮಾತ್ರ. ಒಳಮೈ ಶುದ್ಧ. ಹಾಳೆ ಬಗ್ಗಿಸಿದಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ಹಿಗ್ಗಿದ ಕಡೆ ಗೆರೆ, ಕುಗ್ಗಿದ ಕಡೆ ಇಲ್ಲ. ಹಿಗ್ಗಿದ್ದು ಅಡ್ಡಕ್ಕೆ, ಗೆರೆ ನಿಂತದ್ದು ಉದ್ದಕ್ಕೆ. ಸ್ಕ್ರೂ ತಲೆ ಆಪಿನ ಹಾಗೆ ತೂತನ್ನು ಅಗಲಿಸುತ್ತಿತ್ತು. ಅಂದರೆ ತೂತಿನ ಅಂಚು ಸುತ್ತಲೂ ಎಳೆತದಲ್ಲಿತ್ತು. ಗೆರೆ ಆ ಎಳೆತಕ್ಕೆ ಅಡ್ಡವಾಗಿ, ಕಿರಣದಂತೆ ಹೊರಟಿತ್ತು. ಎಲ್ಲ ಕಡೆ ಒಂದೇ ನಿಯಮ: ಎಳೆತ ಯಾವ ದಿಕ್ಕಿಗೋ ಗೆರೆ ಅದಕ್ಕೆ ಲಂಬ.

ಇನ್ನೊಂದು ಪ್ರಶ್ನೆ ಕೇಳುವುದು ಬಾಕಿ ಇತ್ತು. "ಕಾಕಾ, ಇದನ್ನ ಏನ್ ಹಚ್ಚಿ ಒರಸ್ತೀರಿ?"

"ಎಣ್ಣಿ ಜಿಡ್ಡು ಹೋಗೂದಿಲ್ರಿ. ಕೊರೊನಾ ಟೈಮಿನ ಸ್ಯಾನಿಟೈಜರ್ ಒಂದು ಕ್ಯಾನ್ ಉಳದಿತ್ತು. ಮಸ್ತ್ ಹೊಳಪು ಬರ್ತೈತಿ."

ಅಲ್ಲಿಗೆ ಕಥೆಯ ಎರಡೂ ತುದಿ ಸಿಕ್ಕವು. ಆದರೆ ಸ್ಯಾನಿಟೈಜರ್ ಮೇಲೆ ಪೂರ್ತಿ ತಪ್ಪು ಹೊರಿಸುವ ಹಾಗಿರಲಿಲ್ಲ. ಚಪ್ಪಟೆ ಭಾಗವನ್ನೂ ಅದರಿಂದಲೇ ಒರೆಸಿದ್ದರು. ಅಲ್ಲಿ ಏನೂ ಆಗಿರಲಿಲ್ಲ.

ಇದಕ್ಕೆ ಕ್ರೇಜಿಂಗ್ ಅನ್ನುತ್ತಾರೆ. ಪಿಂಗಾಣಿ ಬಟ್ಟಲಿನ ಹೊಳಪಿನ ಮೇಲೆ ಬಲೆಯ ಹಾಗೆ ಬರುವ ನವುರು ಬಿರುಕಿಗೂ ಅದೇ ಹೆಸರು. ಆದರೆ ಪ್ಲಾಸ್ಟಿಕ್ಕಿನಲ್ಲಿ ಆಗುವುದು ಬಿರುಕು ಅಲ್ಲ. ಇನ್ನೂ ಅಲ್ಲ.

ಅಕ್ರಿಲಿಕ್ ಅಂದರೆ ಉದ್ದುದ್ದ ಅಣುಗಳ ಸಿಕ್ಕು. ಬಟ್ಟಲಲ್ಲಿ ಹಾಕಿದ ಶಾವಿಗೆ ಅಂದುಕೊಳ್ಳಿ, ಬಿಸಿ ಇರುವಾಗ ಎಳೆ ಜಾರುತ್ತದೆ, ಆರಿದ ಮೇಲೆ ಗಟ್ಟಿ. ಅಕ್ರಿಲಿಕ್ ಸುಮಾರು 105 ಡಿಗ್ರಿಗಿಂತ ಕೆಳಗೆ 'ಆರಿದ ಶಾವಿಗೆ'. ಗಾಜಿನಂಥ ಸ್ಥಿತಿ. ಈಗ ಅದನ್ನು ಎಳೆಯಿರಿ. ಎಲ್ಲೋ ಒಂದು ಕಡೆ, ಒಂದು ಗೀರಿನ ತುದಿ, ಒಂದು ಧೂಳಿನ ಕಣ, ಅಲ್ಲಿ ಎಳೆತ ಬೇರೆ ಕಡೆಗಿಂತ ಜಾಸ್ತಿ. ಆ ಜಾಗ ಸ್ವಲ್ಪ ಮೆತ್ತಗಾಗಿ ಹಿಗ್ಗಲು ನೋಡುತ್ತದೆ. ಸುತ್ತಲಿನ ಗಟ್ಟಿ ಭಾಗ ಅದನ್ನು ಪಕ್ಕದಿಂದ ಒಳಗೆ ಬರಲು ಬಿಡುವುದಿಲ್ಲ. ರಬ್ಬರ್ ಬ್ಯಾಂಡ್ ಎಳೆದರೆ ಸಣ್ಣಗಾಗುತ್ತದಲ್ಲ, ಹಾಗೆ ಸಣ್ಣಗಾಗಲು ಇಲ್ಲಿ ಅವಕಾಶವಿಲ್ಲ. ಹಿಗ್ಗಲೇಬೇಕು, ಸಣ್ಣಗಾಗುವಂತಿಲ್ಲ. ಹಾಗಾದರೆ ಒಳಗೆ ಪೊಳ್ಳು ಹುಟ್ಟಬೇಕು, ಬೇರೆ ದಾರಿ ಇಲ್ಲ. ಸಣ್ಣ ಸಣ್ಣ ತೂತುಗಳು ಹುಟ್ಟುತ್ತವೆ. ತೂತುಗಳ ನಡುವೆ ಉಳಿದದ್ದು ಎಳೆ ಎಳೆಯಾಗಿ ಜಗ್ಗುತ್ತದೆ.

ಉಂಡಿ ಕಟ್ಟುವ ಮನೆಯಲ್ಲಿ ಬೆಳೆದವರಿಗೆ ಒಂದೆಳೆ ಪಾಕ ಗೊತ್ತು. ಎರಡು ಬೆರಳ ನಡುವೆ ಪಾಕ ಹಿಡಿದು ಬೆರಳು ಅಗಲಿಸಿದರೆ ನಡುವೆ ಒಂದು ಎಳೆ ನಿಲ್ಲುತ್ತದೆ. ಕ್ರೇಜ್ ಒಳಗೆ ಇರುವುದು ಅದೇ, ಸಾವಿರಾರು ಎಳೆ ಪಾಕ. ಒಂದೊಂದು ಎಳೆ ಹತ್ತಿಪ್ಪತ್ತು ನ್ಯಾನೋಮೀಟರ್ ದಪ್ಪ. ನನ್ನ ಫೋನಿಗೆ ಸಿಕ್ಕಿಸುವ ಲೆನ್ಸಿಗಲ್ಲ, ಯಾವ ಬೆಳಕಿನ ಸೂಕ್ಷ್ಮದರ್ಶಕಕ್ಕೂ ಅದು ಕಾಣುವುದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. 1960ರ ದಶಕದಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೋಜರ್ ಕ್ಯಾಂಬೂರ್ ಬೆಳಕನ್ನೇ ಅಳತೆಗೋಲು ಮಾಡಿಕೊಂಡರು. ಕ್ರೇಜ್ ಮೇಲೆ ಬೆಳಕು ಯಾವ ಕೋನದಲ್ಲಿ ಪೂರ್ತಿ ಪ್ರತಿಫಲಿಸುತ್ತದೆ ಅಂತ ನೋಡಿ, ಅದರೊಳಗೆ ಹೆಚ್ಚೂಕಡಿಮೆ ಅರ್ಧ ಖಾಲಿ, ಅರ್ಧ ಪ್ಲಾಸ್ಟಿಕ್ ಅಂತ ತೋರಿಸಿದರು. ಬೀದಿದೀಪದಲ್ಲಿ ಕಾಕಾ ಕಂಡ ಬೆಳ್ಳಿ ಹೊಳಪೂ ಅದೇ.

ಬಿರುಕು ಅಂದರೆ ನಡುವೆ ಏನೂ ಇಲ್ಲ. ಕ್ರೇಜ್‌ನಲ್ಲಿ ಎಳೆಗಳಿವೆ, ಅವು ಇನ್ನೂ ಭಾರ ಹೊರುತ್ತವೆ. ಅದಕ್ಕೇ ಮೂಲೆ ತುಂಬಾ ಗೆರೆ ಬಂದರೂ ಗಾಡಿ ಓಡುತ್ತಿತ್ತು. ಎಳೆಗಳು ಹರಿಯಲು ಶುರುವಾದಾಗ ಅದು ನಿಜವಾದ ಬಿರುಕು. ನಮ್ಮ ಗಾಡಿಯಲ್ಲಿ ಅದೂ ಆಯಿತು. ನಾನು ಓದಿ ತಿಳಿದುಕೊಳ್ಳುತ್ತಾ ಕೂತಿದ್ದ ವಾರದಲ್ಲೇ ಗಾಡಿ ಒಂದು ಹಂಪ್ ಹತ್ತಿ ಇಳಿಯಿತು. ಬಲ ಮೂಲೆಯ ಕೆಳಗಿನ ಸ್ಕ್ರೂನಿಂದ ಒಂದು ಗೇಣು ಉದ್ದ ಸೀಳಿತು. ಸೀಳು ಹೋದದ್ದು ಹಳೇ ಕಿರಣವೊಂದರ ದಾರಿಯಲ್ಲೇ.

ಗಾಳಿತಡೆ ಬಿಚ್ಚಿ ಶೆಡ್ಡಿಗೆ ತಂದೆ. ಕಾಕಾ ತಾತ್ಕಾಲಿಕವಾಗಿ ರಟ್ಟು ಕಟ್ಟಿಕೊಂಡರು.

ಮೊದಲು ಒಂದು ಅಡ್ಡದಾರಿ ಹಿಡಿದೆ. ಪ್ಲಾಸ್ಟಿಕ್ಕಿನೊಳಗಿನ ಎಳೆತ ಬಣ್ಣದಲ್ಲಿ ಕಾಣುತ್ತದೆ ಅಂತ ಎಲ್ಲೋ ನೋಡಿದ್ದೆ. ಲ್ಯಾಪ್‌ಟಾಪಿನ ಬಿಳಿ ಪರದೆ ಮುಂದೆ ವಸ್ತು ಹಿಡಿದು, ಪೋಲರಾಯ್ಡ್ ತಂಪು ಕನ್ನಡಕ ಹಾಕಿ ನೋಡಬೇಕು. ಹಳೇ ಸಿ.ಡಿ. ಡಬ್ಬಿ ಹಿಡಿದೆ. ಕಾಮನಬಿಲ್ಲು! ಮನೆಮಂದಿಯನ್ನೆಲ್ಲ ಕರೆದು ತೋರಿಸಿದೆ. ಅದೇ ಹುರುಪಿನಲ್ಲಿ ಗಾಡಿಯ ಮೂಲೆ ತುಂಡನ್ನು ಬಗ್ಗಿಸಿ ಹಿಡಿದೆ. ಮಂಕು ಬೂದಿ ಬಣ್ಣ, ಅಷ್ಟೇ. ಎಳೆತವೇ ಇಲ್ಲವೇನೋ ಅಂತ ಅರ್ಧ ದಿನ ಗೊಂದಲ. ಸಿ.ಡಿ. ಡಬ್ಬಿ ಪಾಲಿಸ್ಟೈರೀನ್. ಅಕ್ರಿಲಿಕ್ ಬೇರೆ ಜಾತಿ, ಎಷ್ಟು ಎಳೆದರೂ ಬಣ್ಣ ಬಿಟ್ಟುಕೊಡುವುದು ಬಹಳ ಕಡಿಮೆ. ಕನ್ನಡಕದಲ್ಲಿ ಕಾಣಲಿಲ್ಲ ಅಂದರೆ ಒಳಗೆ ಎಳೆತವಿಲ್ಲ ಅಂತಲ್ಲ.

ಆಮೇಲೆ ಮಾಡಿದ್ದು ಕೆಲಸಕ್ಕೆ ಬಂತು. ಉಳಿದ ಹಾಳೆಯಿಂದ ಎರಡು ಬೆರಳಗಲದ ಪಟ್ಟಿಗಳನ್ನು ಕತ್ತರಿಸಿದೆ. ಒಂದು ತುದಿ ವೈಸಿನಲ್ಲಿ. ಹೊರಗೆ 150 ಮಿ.ಮೀ. ಚಾಚಿದೆ. ಇನ್ನೊಂದು ತುದಿಯನ್ನು 30 ಮಿ.ಮೀ. ಕೆಳಗೆ ಬಗ್ಗಿಸಿ, ಮೇಲೆ ಕಟ್ಟಿಗೆ ತುಂಡು ಸಿಕ್ಕಿಸಿ ಏಳದ ಹಾಗೆ ನಿಲ್ಲಿಸಿದೆ. ಹೀಗೆ ಬಗ್ಗಿಸಿದಾಗ ಮೇಲ್ಮೈಯ ಹಿಗ್ಗು ವೈಸಿನ ಬುಡದಲ್ಲಿ ಅತಿ ಜಾಸ್ತಿ, ತುದಿಗೆ ಹೋಗುತ್ತಾ ಸಮವಾಗಿ ಇಳಿದು ಸೊನ್ನೆ. ಒಂದೇ ಪಟ್ಟಿಯಲ್ಲಿ ಎಲ್ಲ ಮಟ್ಟದ ಎಳೆತವೂ ಸಾಲಾಗಿ ನಿಂತಿರುತ್ತದೆ.

ಬುಡದ ಲೆಕ್ಕ ಸುಲಭ. ಮೂರು ಸಲ ದಪ್ಪವನ್ನು ಬಾಗಿನಿಂದ ಗುಣಿಸಿ, ಉದ್ದದ ವರ್ಗದ ಎರಡು ಪಟ್ಟಿನಿಂದ ಭಾಗಿಸಬೇಕು. 270 ಭಾಗಿಸು 45,000. ಉತ್ತರ 0.006, ಅಂದರೆ ಶೇ 0.6 ಹಿಗ್ಗು. 30 ಮಿ.ಮೀ. ಅಂತ ಸುಮ್ನೆ ಆರಿಸಿದ್ದಲ್ಲ. ಗಾಡಿಯ ಮೂಲೆಯ ಲೆಕ್ಕವೂ ಅಷ್ಟೇ. ಅಲ್ಲಿ ಅರ್ಧ ದಪ್ಪವನ್ನು ತ್ರಿಜ್ಯದಿಂದ ಭಾಗಿಸಿದರೆ ಸಾಕು: 1.5 ಭಾಗಿಸು 250, ಅದೇ 0.006.

ಒಂದೊಂದು ಪಟ್ಟಿಗೆ ಒಂದೊಂದು ದ್ರವ. ಸುಮ್ನೆ ನೀರು. ಪಾತ್ರೆ ತೊಳೆಯುವ ಸೋಪಿನ ನೀರು. ಶೇಂಗಾ ಎಣ್ಣೆ. ಹುಣಸೆ ರಸ, ಯಾಕೆಂದರೆ ಗಿರ್ಮಿಟ್ ಗಾಡಿ. ಕಾಕಾನ ಸ್ಯಾನಿಟೈಜರ್. ಕೊನೆಗೆ ಪೇಂಟ್ ಥಿನ್ನರ್. ಹತ್ತಿಯಲ್ಲಿ ಅದ್ದಿ ಪಟ್ಟಿ ಮೇಲೆ ಉದ್ದಕ್ಕೂ ಹಾಸಿದೆ.

ಥಿನ್ನರ್ ಪಟ್ಟಿ ನಾನು ಟಾರ್ಚ್ ಹುಡುಕುವಷ್ಟರಲ್ಲಿ ಟಪ್ ಅಂತ ಬುಡದಲ್ಲಿ ಮುರಿಯಿತು. ನೀರು, ಸೋಪು, ಎಣ್ಣೆ, ಹುಣಸೆ, ನಾಲ್ಕೂ ರಾತ್ರಿಯಿಡೀ ಬಿಟ್ಟರೂ ಏನೂ ಮಾಡಲಿಲ್ಲ. ಸ್ಯಾನಿಟೈಜರ್ ನೋಡುವಂಥದ್ದು. ಮೊದಲ ಒಂದು ನಿಮಿಷ ಏನಿಲ್ಲ. ಆಮೇಲೆ ಬುಡದ ಹತ್ತಿರ ಒಂದು ಬೆಳ್ಳಿ ಎಳೆ, ಪಕ್ಕದಲ್ಲಿ ಇನ್ನೊಂದು. ಕಣ್ಣೆದುರೇ ಅಡ್ಡಡ್ಡ ಗೆರೆಗಳು ಮೂಡುತ್ತಾ ತುದಿಯ ಕಡೆ ನಡೆದವು. ಬುಡದಲ್ಲಿ ಒತ್ತೊತ್ತಾಗಿ, ಮುಂದೆ ಹೋದಂತೆ ವಿರಳವಾಗಿ. ಅರ್ಧ ಗಂಟೆಗೆ ಸುಮಾರು 75 ಮಿ.ಮೀ. ದೂರದಲ್ಲಿ ನಿಂತವು. ಅಲ್ಲಿಂದಾಚೆ ಹತ್ತಿ ಹಸಿಯಾಗಿಯೇ ಇತ್ತು, ಗೆರೆ ಇಲ್ಲ. ಅಂದರೆ ಅರ್ಧ ಉದ್ದ, ಅರ್ಧ ಹಿಗ್ಗು: ಶೇ 0.3. ನನ್ನ ಹಾಳೆಗೆ, ಆ ಸ್ಯಾನಿಟೈಜರಿಗೆ, ಅರ್ಧ ಗಂಟೆಗೆ, ಗಡಿ ಅದು. ಬೇರೆ ಹಾಳೆಗೆ ಬೇರೆ ಬರಬಹುದು. ಎಳೆತ ಕಡಿಮೆಯಿದ್ದರೂ ಕಾಲ ಜಾಸ್ತಿ ಕೊಟ್ಟರೆ ಗೆರೆ ಇನ್ನಷ್ಟು ಮುಂದೆ ನಡೆಯಬಹುದು.

ಆಲ್ಕೋಹಾಲ್ ಅಕ್ರಿಲಿಕ್ಕನ್ನು ಕರಗಿಸುವುದಿಲ್ಲ. ಎಳೆತವಿರುವ ಜಾಗಕ್ಕೆ ನುಗ್ಗಿ, ಅಲ್ಲಿನ ಅಣುಗಳ ಹಿಡಿತವನ್ನು ಸಡಿಲ ಮಾಡುತ್ತದೆ. ಹೊಸ ಮೈ, ಅಂದರೆ ಪೊಳ್ಳಿನ ಗೋಡೆ, ಹುಟ್ಟುವ ಖರ್ಚನ್ನು ಇಳಿಸುತ್ತದೆ. ಬರೀ ಗಾಳಿಯಲ್ಲಿ ತಿಂಗಳುಗಟ್ಟಲೆ ಬೇಕಾಗಿದ್ದ ಕೆಲಸ ನಿಮಿಷದಲ್ಲಿ ಆಗುತ್ತದೆ. ಎಳೆತ ಇಲ್ಲದ ಕಡೆ ಅದಕ್ಕೆ ಮಾಡಲು ಕೆಲಸವೇ ಇಲ್ಲ, ಒರೆಸಿ ಹಾರಿ ಹೋಗುತ್ತದೆ. ಇದು ಬರೀ ಗಾಡಿ ಸಮಸ್ಯೆಯಲ್ಲ. ವಿಮಾನದ ಪ್ರಯಾಣಿಕರ ಕಿಟಕಿಯೂ ಅಕ್ರಿಲಿಕ್ಕೇ. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದಾಗ ಮೇಲಿನ ಗಾಳಿಯಲ್ಲಿ ಗಂಧಕಾಮ್ಲದ ಹನಿಗಳು ತುಂಬಿದವು. ವಿಮಾನದ ಕಿಟಕಿಗಳಲ್ಲಿ ಇದೇ ಬೆಳ್ಳಿಗೆರೆ ಜಾಸ್ತಿಯಾಯಿತು. ಅಲ್ಲಿ ಆಮ್ಲ, ಇಲ್ಲಿ ಸ್ಯಾನಿಟೈಜರ್.

ತಣ್ಣಗೆ ಬಗ್ಗಿಸುವುದಾದರೆ ತ್ರಿಜ್ಯ ಹಾಳೆಯ ದಪ್ಪದ 200 ಪಟ್ಟಾದರೂ ಇರಬೇಕು ಅಂತ ಅಕ್ರಿಲಿಕ್ ಕೆಲಸದವರ ರೂಢಿ. 3 ಮಿ.ಮೀ.ಗೆ 600 ಮಿ.ಮೀ. ಅದರ ಹಿಗ್ಗು ಶೇ 0.25. ನನ್ನ ವೈಸ್ ಪಟ್ಟಿಯ ಗಡಿಗಿಂತ ಸ್ವಲ್ಪ ಒಳಗೆ. ನಾನು ಮಾಡಿದ್ದು ಅದರ ಎರಡು ಪಟ್ಟಿಗೂ ಮೇಲೆ. ಹಾಳೆಯವನಿಗೆ ಬೈಯುವ ಕಾರ್ಯಕ್ರಮ ರದ್ದಾಯಿತು.

ಹಾಗಂತ ಅವನೂ ಪೂರ್ತಿ ಸಾಚಾ ಅಲ್ಲ. 'ಕಾಸ್ಟ್' ಅಂತ ಹೇಳಿ ಕೊಟ್ಟಿದ್ದ. ಎರಡು ಗಾಜಿನ ನಡುವೆ ಎರಕ ಹೊಯ್ದ ಹಾಳೆ ಅಂತ ಅರ್ಥ. ಇನ್ನೊಂದು ಬಗೆ, ಮಷೀನಿನ ಬಾಯಿಂದ ಚಕ್ಕುಲಿ ಒತ್ತಿದ ಹಾಗೆ ಒತ್ತಿ ತೆಗೆದ ಹಾಳೆ. ಅದರ ಅಣುಗಳು ಸಾಮಾನ್ಯವಾಗಿ ಗಿಡ್ಡ, ಸಿಕ್ಕು ಕಡಿಮೆ, ಒತ್ತುವಾಗಿನ ಎಳೆತ ಒಳಗೇ ಉಳಿದಿರುತ್ತದೆ. ಕ್ರೇಜ್ ಬೇಗ ಬರುತ್ತದೆ. ಉಳಿದ ಹಾಳೆಯ 100 ಮಿ.ಮೀ. ಚೌಕವೊಂದನ್ನು ಬಿಸಿ ಮಾಡಿ ನೋಡಿದೆ. ಎರಕದ ಹಾಳೆ ಎರಡೂ ಕಡೆ ಸಮನಾಗಿ, ಶೇ 2ರಷ್ಟು ಕುಗ್ಗಬೇಕು. ನನ್ನದು ಒಂದು ಕಡೆಗೆ 3 ಮಿ.ಮೀ. ಕುಗ್ಗಿತು, ಇನ್ನೊಂದು ಕಡೆಗೆ ಅಲ್ಲಾಡಲಿಲ್ಲ. ಒತ್ತಿದ ಹಾಳೆಯೇ. ಬಿಲ್ಲಿನ ಮೇಲೆ ಬರೆಸಿಕೊಳ್ಳದೆ ಬಂದದ್ದು ನನ್ನ ಬುದ್ಧಿ.

ಹಳೇ ಮೂಲೆಯನ್ನು ಉಳಿಸಬಹುದೇ ಅಂತಲೂ ನೋಡಿದೆ. ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದೆ, ಗೆರೆ ಹಾಗೇ. ಅದು ಮೈ ಮೇಲಿನ ಗೀರಲ್ಲವಲ್ಲ. ನಂತರ ಒಂದು ತುಂಡಿಗೆ ಹೀಟ್ ಗನ್ ಹಿಡಿದೆ. ಹಾಳೆ ಮೆತ್ತಗಾಗುತ್ತಿದ್ದಂತೆ ಬೆಳ್ಳಿಗೆರೆಗಳು ಒಂದೊಂದಾಗಿ ಅಳಿಸಿಹೋದವು! ಎಳೆಗಳು ಮತ್ತೆ ಸೇರಿಕೊಂಡು ಪೊಳ್ಳು ಮುಚ್ಚಿತು. ಒಂದು ನಿಮಿಷ ನಾನೇ ಮಾಂತ್ರಿಕ. ಆಮೇಲೆ ತುಂಡು ಮೆಲ್ಲಗೆ ನೆಟ್ಟಗಾಗಿ ಚಪ್ಪಟೆಯಾಯಿತು, ನಡುವೆ ನಾಲ್ಕು ಗುಳ್ಳೆ ಎದ್ದವು. ಎಷ್ಟೇ ದಿನ ಬಗ್ಗಿ ಕೂತಿದ್ದರೂ ಅದು ತನ್ನ ಹಳೇ ಆಕಾರ ಮರೆತಿರಲಿಲ್ಲ.

ಹೊಸದಾಗಿ ಮಾಡುವುದೇ ಸರಿ. ಪಾಲಿಕಾರ್ಬೊನೇಟ್ ಹಾಕು ಅಂದವರಿದ್ದಾರೆ. ಅದು ಗಟ್ಟಿ ನಿಜ. ಸುತ್ತಿಗೆ ಏಟಿಗೂ ಒಡೆಯುವುದಿಲ್ಲ. ಅದರ ಅಣುಗಳ ಸಿಕ್ಕು ಬಹಳ ಒತ್ತು, ಹಾಗಾಗಿ ಕ್ರೇಜ್ ಆಗುವ ಮೊದಲೇ ಜಾರಿ ಬಗ್ಗುತ್ತದೆ. ಆದರೆ ದಿನಾ ಒರೆಸುವ ಗಾಡಿಗೆ ಗೀರು ಬೇಗ ಬೀಳುತ್ತದೆ. ಥಿನ್ನರ್ ಕಂಡರೆ ಅದಕ್ಕೂ ಆಗದು. ದುಡ್ಡೂ ಜಾಸ್ತಿ. ಅಕ್ರಿಲಿಕ್ಕೇ ಇರಲಿ, ಈ ಸಲ ಎರಕದ ಹಾಳೆ ತಂದು ಬಿಸಿ ಮಾಡಿ ಬಗ್ಗಿಸೋಣ ಅಂತಾಯಿತು. 160 ಡಿಗ್ರಿಯಲ್ಲಿ ಬಗ್ಗಿಸಿ, ಆ ಆಕಾರದಲ್ಲೇ ಆರಲು ಬಿಟ್ಟರೆ ಮೂಲೆಯೇ ಅದರ ಹುಟ್ಟು ಆಕಾರ. ನೆಟ್ಟಗಾಗಲು ಒದ್ದಾಡುವುದಿಲ್ಲ, ಎಳೆತ ಇರುವುದಿಲ್ಲ.

ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಗೆಳೆಯನೊಬ್ಬನ ಪೌಡರ್ ಕೋಟಿಂಗ್ ಒಲೆ, ಅಂದರೆ ಲೋಹಕ್ಕೆ ಪುಡಿ ಬಣ್ಣ ಬೇಯಿಸುವ ಒಲೆ ಇದೆ, ಆಳೆತ್ತರದ್ದು. ಭಾನುವಾರ ಖಾಲಿ. ಎರಡು ಮೀಟರ್ ಹಾಳೆ ಅದರಲ್ಲಿ ಹೋಗುವುದಿಲ್ಲವಾದ್ದರಿಂದ ಮೂರು ತುಂಡಿನ ಯೋಜನೆ. ಮುಂದೆ ಚಪ್ಪಟೆ, ಎರಡು ಮೂಲೆ ಬೇರೆ. ಪ್ಲೈವುಡ್ ಪಕ್ಕೆಗಳ ಮೇಲೆ ತಗಡು ಹೊದಿಸಿ 250 ಮಿ.ಮೀ. ತ್ರಿಜ್ಯದ ಅಚ್ಚು ಮಾಡಿದೆ. ತಗಡಿನ ಗುರುತು ಮೂಡಬಾರದು ಅಂತ ಮೇಲೆ ಫ್ಲಾನೆಲ್ ಬಟ್ಟೆ ಬಿಗಿದೆ.

ಮೊದಲ ಭಾನುವಾರ ಹಾಳಾಯಿತು. ಎರಡು ತಪ್ಪು. ಮಳೆಗಾಲದಲ್ಲಿ ಅಕ್ರಿಲಿಕ್ ಸ್ವಲ್ಪ ನೀರು ಕುಡಿದಿರುತ್ತದೆ. ಅದನ್ನು ನೇರ 160ಕ್ಕೆ ಒಡ್ಡಿದೆ, ಕಡ್ಲಿಬೇಳೆಯಷ್ಟು ಗುಳ್ಳೆಗಳು ಎದ್ದವು. ಎರಡನೆಯದು ಇನ್ನೂ ನಾಚಿಕೆಗೇಡು. ಎರಕದ ಹಾಳೆ ಶೇ 2ರಷ್ಟು ಕುಗ್ಗುತ್ತದೆ ಅಂತ ನಾನೇ ಪರೀಕ್ಷೆ ಮಾಡುತ್ತಾ ಬಾಯಿಪಾಠ ಹೇಳಿಕೊಂಡಿದ್ದೆ. ಆದರೂ ಮೂಲೆ ತುಂಡನ್ನು ಸರಿಯಾಗಿ 600 ಮಿ.ಮೀ.ಗೆ ಕತ್ತರಿಸಿ, ತೂತೂ ಕೊರೆದು ಒಯ್ದಿದ್ದೆ. ಒಲೆಯಿಂದ ಬಂದಾಗ 12 ಮಿ.ಮೀ. ಕಡಿಮೆ. ಒಂದೂ ತೂತು ಚೌಕಟ್ಟಿಗೆ ಕೂಡಲಿಲ್ಲ. ಗೆಳೆಯ ಏನೂ ಅನ್ನಲಿಲ್ಲ, ಚಹಾ ತರಿಸಿದ.

ಎರಡನೇ ಭಾನುವಾರ ಬೆಳಿಗ್ಗೆಯೇ ಹೋಗಿ ಹಾಳೆಗಳನ್ನು 80 ಡಿಗ್ರಿಯಲ್ಲಿ ನೇತುಹಾಕಿ ಮಧ್ಯಾಹ್ನದ ತನಕ ಒಣಗಿಸಿದೆ. ಎಲ್ಲ ಕಡೆ ಒಂದಿಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದ್ದೆ, ತೂತು ಇಲ್ಲ. ಆಮೇಲೆ 160. ಹತ್ತು-ಹನ್ನೆರಡು ನಿಮಿಷಕ್ಕೆ ಹಾಳೆ ಹಸಿ ಹಪ್ಪಳದಂತೆ ಜೋತು ಬಿತ್ತು. ಹತ್ತಿಯ ಕೈಗವಸು ಹಾಕಿ ಇಬ್ಬರು ಎತ್ತಿ ಅಚ್ಚಿನ ಮೇಲೆ ಹೊದಿಸಿದೆವು. ಒತ್ತಲಿಲ್ಲ, ಎಳೆಯಲಿಲ್ಲ, ತನ್ನ ಭಾರಕ್ಕೆ ತಾನೇ ಕೂತಿತು. ಮೇಲೆ ಇನ್ನೊಂದು ಬಟ್ಟೆ ಮುಚ್ಚಿ, ಫ್ಯಾನ್ ಬಂದ್ ಮಾಡಿ ಆರಲು ಬಿಟ್ಟೆವು. ಗೆಳೆಯನ ಹುಡುಗ ಒದ್ದೆ ಬಟ್ಟೆ ತಂದು ತಣ್ಣಗೆ ಮಾಡಲು ನೋಡಿದ, ಓಡಿ ಹೋಗಿ ತಡೆದೆ. ಮೇಲ್ಮೈ ಮೊದಲು ಆರಿ ಒಳಗೆ ತಡವಾಗಿ ಆರಿದರೆ ಮತ್ತೆ ಎಳೆತ ಒಳಗೆ ಸಿಕ್ಕಿಕೊಳ್ಳುತ್ತದೆ.

ಅಂಚು ಕತ್ತರಿಸುವುದು, ತೂತು ಕೊರೆಯುವುದು ಎಲ್ಲ ಶೆಡ್ಡಿನಲ್ಲಿ. ಡ್ರಿಲ್ ಬಿಟ್ಟಿನ ಬಾಯಿ ಕಬ್ಬಿಣಕ್ಕೆ ಇದ್ದ ಹಾಗೆ ಇದ್ದರೆ ಅಕ್ರಿಲಿಕ್ಕನ್ನು ಕಚ್ಚಿ ಎಳೆಯುತ್ತದೆ. ಕಲ್ಲಿಗೆ ಹಿಡಿದು ಬಾಯಿಯ ಚೂಪು ಸ್ವಲ್ಪ ಸಾಯಿಸಿದೆ. ಕೆಳಗೆ ಕಟ್ಟಿಗೆ ಇಟ್ಟು, ನಿಧಾನ, ನಡುನಡುವೆ ಬಿಟ್ಟು ಎತ್ತುತ್ತಾ ಕೊರೆದೆ. ಅಂಚನ್ನು 220, 400, 800 ನಂಬರಿನ ನೀರು ಕಾಗದದಲ್ಲಿ (ಒದ್ದೆ ಮಾಡಿ ಉಜ್ಜುವ ಸ್ಯಾಂಡ್‌ಪೇಪರ್) ಉಜ್ಜಿದೆ. ಅಂಚಿಗೆ ಬೆಂಕಿ ಜ್ವಾಲೆ ಸವರಿ ಹೊಳಪು ತರುವುದು ಬೋರ್ಡ್ ಮಾಡುವವರ ಚಾಳಿ, ಚೆಂದ ಕಾಣುತ್ತದೆ. ಆದರೆ ಆ ಒಂದು ಕೂದಲೆಳೆಯಷ್ಟು ಮೈ ಕರಗಿ ಗಬಕ್ಕನೆ ಆರುತ್ತದೆ, ಎಳೆತ ತುಂಬಿಕೊಳ್ಳುತ್ತದೆ. ಲೇಸರ್‌ನಲ್ಲಿ ಕತ್ತರಿಸಿದ ಅಂಚಿನದೂ ಇದೇ ಹಣೆಬರಹ. ಲೇಸರ್ ತುಂಡಿನ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿದ ಕೂಡಲೇ ಸಣ್ಣ ಗೆರೆ ಬರುವುದನ್ನು ಬೇರೆ ಕೆಲಸದಲ್ಲಿ ಕಂಡಿದ್ದೆ, ಕಾರಣ ಈಗ ತಿಳಿಯಿತು. ನನ್ನ ಅಂಚು ಮಂಕಾಗಿದೆ, ಇರಲಿ.

ಇಷ್ಟಾದ ಮೇಲೆ ಮೂರೂ ತುಂಡನ್ನು ಮತ್ತೆ ಒಲೆಗೆ ಹಾಕಿದೆ. 80 ಡಿಗ್ರಿ, ನಾಲ್ಕು ತಾಸು. ಒಲೆ ಬಂದ್ ಮಾಡಿ, ಬಾಗಿಲು ತೆಗೆಯದೆ ಸೋಮವಾರ ಬೆಳಿಗ್ಗೆ ತನಕ ಬಿಟ್ಟೆವು. ಮೆತ್ತಗಾಗುವಷ್ಟು ಬಿಸಿಯಲ್ಲ, ಆದರೆ ಕೊರೆತ-ಕತ್ತರಿಕೆಯಲ್ಲಿ ಸಿಕ್ಕಿಕೊಂಡ ಸಣ್ಣ ಎಳೆತ ಸಡಿಲವಾಗಲು ಅಷ್ಟು ಸಾಕು.

ಜೋಡಣೆಗೆ ಈ ಸಲ 5 ಮಿ.ಮೀ. ಸ್ಕ್ರೂ, 8 ಮಿ.ಮೀ. ತೂತು. ಮುಂದಿನ ಚಪ್ಪಟೆ ತುಂಡು 720 ಮಿ.ಮೀ. ಬೆಳಗಿನ ಥಂಡಿಗೂ ಮಧ್ಯಾಹ್ನದ ಬಿಸಿಲಿಗೂ 30 ಡಿಗ್ರಿ ವ್ಯತ್ಯಾಸ ಹಿಡಿದರೆ ಅಕ್ರಿಲಿಕ್ ಒಂದೂವರೆ ಮಿ.ಮೀ. ಬೆಳೆಯುತ್ತದೆ. ಹಿಂದಿನ ಕಬ್ಬಿಣದ ಚೌಕಟ್ಟು ಕಾಲು ಮಿ.ಮೀ. ಮಾತ್ರ. ಮೊದಲ ಸಲ ತೂತೂ ಸ್ಕ್ರೂವೂ ಒಂದೇ ಅಳತೆ ಇಟ್ಟಿದ್ದೆನಲ್ಲ, ಪ್ರತಿ ದಿನ ಬಿಸಿಲು ಹಾಳೆಯನ್ನು ಸ್ಕ್ರೂಗಳ ನಡುವೆ ಹಿಂಸೆ ಮಾಡುತ್ತಿತ್ತು. ಮುಳುಗು ತಲೆ ಬಿಟ್ಟು ಚಪ್ಪಟೆ ಅಡಿಯ ಗುಂಡುತಲೆ ಹಾಕಿದೆ. ಹಾಳೆಯ ಎರಡೂ ಬದಿಗೆ ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ವಾಶರ್. ಮೆತ್ತನೆ ಪಿ.ವಿ.ಸಿ. ವಾಶರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಬೇಡ. ಅದನ್ನು ಮೆತ್ತಗಿಡಲು ಹಾಕಿದ ಎಣ್ಣೆಯಂಥ ಪದಾರ್ಥ ಮೆಲ್ಲಗೆ ಒಸರಿ ಅಕ್ರಿಲಿಕ್ಕಿಗೆ ಸ್ಯಾನಿಟೈಜರ್ ಮಾಡಿದ್ದನ್ನೇ ಮಾಡುತ್ತದೆ. ತುಂಡುಗಳ ನಡುವೆ 3 ಮಿ.ಮೀ. ಸಂದು ಬಿಟ್ಟು, ಕಾರಿನ ಕಿಟಕಿಯ ರಬ್ಬರ್ ಬೀಡಿಂಗ್ ತೂರಿಸಿದೆ. ಕ್ಲೋರೋಫಾರ್ಮ್ ಹಚ್ಚಿ ಅಂಟಿಸಿದ್ದರೆ ನೀಟಾಗಿರುತ್ತಿತ್ತು. ಆದರೆ ಈ ಗಾಡಿಯ ಮಟ್ಟಿಗೆ ದ್ರಾವಕದ ಹೆಸರು ಕೇಳಿದರೆ ನನಗೆ ಸಾಕಾಗಿತ್ತು.

ಸ್ಕ್ರೂ ಬಿಗಿಯುವಾಗ ನನ್ನ ಕೈ ಹಳೇ ಚಾಳಿಗೆ ಇನ್ನೂ ಅರ್ಧ ಸುತ್ತು ತಿರುಗಿಸಲು ಹೋಗುತ್ತಿತ್ತು. ಬೆರಳಲ್ಲಿ ನಿಲ್ಲುವ ತನಕ, ಮೇಲೆ ಕಾಲು ಸುತ್ತು. ಅಷ್ಟೇ. ಸಡಿಲಾಗದಂತೆ ನೈಲಾನ್ ಉಂಗುರದ ನಟ್ಟು.

ಕತ್ತರಿಸಿ ಉಳಿದ ಮೂಲೆಯ ತುಣುಕೊಂದಕ್ಕೆ ಸ್ಯಾನಿಟೈಜರ್ ಹತ್ತಿ ಹಾಸಿ ಒಂದು ತಾಸು ಬಿಟ್ಟೆ. ಟಾರ್ಚ್ ಹಿಡಿದು ಎಲ್ಲ ಕೋನದಿಂದ ನೋಡಿದೆ. ಖಾಲಿ. ಆದರೂ ಕಾಕಾನಿಗೆ ಹೇಳಿದ್ದು ಬೇರೆ: ಸೋಪಿನ ನೀರು, ಮೆತ್ತನೆ ಬಟ್ಟೆ, ಮೊದಲು ಧೂಳು ತೊಳೆದು ಆಮೇಲೆ ಒರೆಸುವುದು. ಸ್ಯಾನಿಟೈಜರ್ ಕ್ಯಾನನ್ನು ನಾನೇ ಎತ್ತಿಕೊಂಡು ಬಂದೆ. "ಅಷ್ಟ ಚಲೋ ಹೊಳಪು ಬರ್ತಿತ್ರಿ" ಅಂತ ಅವರು ಬೇಜಾರು ಮಾಡಿಕೊಂಡರು.

ಗಾಳಿತಡೆ ಏರಿದ್ದು ಶ್ರಾವಣದಲ್ಲಿ. ಗಾಳಿ ಅಷ್ಟೊತ್ತಿಗೆ ಅರ್ಧ ಇಳಿದಿತ್ತು ಅನ್ನುವುದು ಬೇರೆ ಮಾತು. ಮುಂದಿನ ಆಷಾಢಕ್ಕಾದರೂ ಆಯಿತು. ಹಳೇ ಹಾಳೆಯ ಚಪ್ಪಟೆ ಭಾಗ ಇನ್ನೂ ಹೊಸದರಂತೆಯೇ ಇತ್ತು. ಕತ್ತರಿಸಿ ಚುರುಮುರಿ ಡಬ್ಬಿಗೆ ಮುಚ್ಚಳ ಮಾಡಿಕೊಟ್ಟೆ.

ಪಟ್ಟಿ ಪರೀಕ್ಷೆಯ ದಿನ ಒಂದು ಪಟ್ಟಿಯನ್ನು ಏನೂ ಹಚ್ಚದೆ, ಮೂಲೆಯ ಚಿಕ್ಕ ವೈಸಿನಲ್ಲಿ 30 ಮಿ.ಮೀ. ಬಗ್ಗಿಸಿ ನಿಲ್ಲಿಸಿ ಮರೆತುಬಿಟ್ಟಿದ್ದೆ. ಖಂಡೇಪೂಜೆಗೆ ಶೆಡ್ ಗುಡಿಸುವಾಗ ಕಣ್ಣಿಗೆ ಬಿತ್ತು. ಧೂಳು ಊದಿ ಟಾರ್ಚ್ ಓರೆ ಹಿಡಿದೆ. ಬುಡದಲ್ಲಿ, ವೈಸಿನ ಹಲ್ಲು ಗೀರಿದ ಜಾಗದಿಂದ, ನಾಲ್ಕು ಬೆಳ್ಳಿ ಎಳೆ. ಸ್ಪಿರಿಟ್ ಇಲ್ಲ, ಥಿನ್ನರ್ ಇಲ್ಲ. ಬರೀ ಬಾಗು ಮತ್ತು ಮೂರು ತಿಂಗಳು. ಪಟ್ಟಿ ಬಿಚ್ಚಲಿಲ್ಲ, ಇನ್ನೂ ಹಾಗೇ ಇದೆ. ವೈಸಿಗೆ ಕುಂಕುಮ ಹಚ್ಚಿದೆ. ಪಟ್ಟಿಗೆ ಹಚ್ಚಲಿಲ್ಲ. ಆ ಕುಂಕುಮದಲ್ಲಿ ಏನೇನು ಬೆರೆಸಿರುತ್ತಾರೋ.